ಒಂಟಿ ಪೋಷಕ ವಿದ್ಯಾರ್ಥಿಗಳ ವಸತಿ

ಒಂಟಿ ಪೋಷಕ ವಿದ್ಯಾರ್ಥಿಗಳ ವಸತಿ ಎಂಬುದು ಸಂಗಾತಿಯ ನೆರವಿಲ್ಲದೆ ಮಗುವನ್ನು ಸಾಕುತ್ತ ಕಾಲೇಜು ಶಿಕ್ಷಣ ಪಡೆಯುವವರು ತಮ್ಮ ಮಗುವಿನೊಂದಿಗೇ ಇರಲು ಅನುವಾಗುವಂತೆ, ಅವರ ವರಮಾನಕ್ಕೆ ಎಟಕುವ ವೆಚ್ಚದಲ್ಲಿ ಒದಗಿಸುವ ವಾಸದ ವ್ಯವಸ್ಥೆಯಾಗಿದೆ. ವಿಧವೆಯರು, ವಿಧುರರು, ವಿಚ್ಛೇದಿತರು, ಸಂಗಾತಿ ತೊರೆದುಹೋದವರು ಹಾಗೂ ಅವಿವಾಹಿತ ತಾಯಂದಿರು ಈ ಗುಂಪಿಗೆ ಸೇರುತ್ತಾರೆ. ಭಾರತದ ಮುಖ್ಯ ವಸತಿ ಯೋಜನೆಗಳಲ್ಲಿ ಇವರಿಗೆಂದೇ ಪ್ರತ್ಯೇಕ ವಿಭಾಗವಿಲ್ಲ. ವಿದ್ಯಾರ್ಥಿನಿಲಯ, ಉದ್ಯೋಗಸ್ಥ ಮಹಿಳೆಯರ ವಸತಿನಿಲಯ, ಗ್ರಾಮೀಣ ವಸತಿ ಯೋಜನೆ ಮತ್ತು ಬಂಧುಗಳ ಮನೆ ಎಂಬ ನಾಲ್ಕು ದಾರಿಗಳಲ್ಲಿ ಒಂದನ್ನು, ಇಲ್ಲವೇ ಎರಡು ಮೂರನ್ನು ಕೂಡಿಸಿಕೊಂಡು ಅವರು ಅಗತ್ಯವನ್ನು ಪೂರೈಸಿಕೊಳ್ಳುತ್ತಾರೆ. ಈ ಲೇಖನವು ಮುಖ್ಯವಾಗಿ ಕರ್ನಾಟಕದ, ಅದರಲ್ಲೂ ನವಲಗುಂದ ತಾಲ್ಲೂಕಿನ ಯಮನೂರನ್ನು ಒಳಗೊಂಡ ಧಾರವಾಡ ಜಿಲ್ಲೆಯ ಗ್ರಾಮೀಣ ಭಾಗದ ಸ್ಥಿತಿಯನ್ನು ಕುರಿತದ್ದು.

ಪರಿಕಲ್ಪನೆ

ಸಾಮಾನ್ಯ ವಿದ್ಯಾರ್ಥಿಗೆ ವಸತಿ ಎಂದರೆ ಒಂದು ಮಂಚ, ಊಟ ಮತ್ತು ಓದುವ ಸ್ಥಳ. ಸಾಮಾನ್ಯ ಕುಟುಂಬಕ್ಕೆ ವಸತಿ ಎಂದರೆ ಸ್ವಂತ ಊರಿನಲ್ಲಿ ಒಂದು ಮನೆ. ಮಗುವಿರುವ ವಿದ್ಯಾರ್ಥಿಗೆ ಇವೆರಡೂ ಒಂದೇ ಕಡೆ ಬೇಕಾಗುತ್ತವೆ: ಕಾಲೇಜಿಗೆ ಹೋಗಿಬರಬಹುದಾದ ದೂರದಲ್ಲಿ ಮನೆ, ತರಗತಿಯ ವೇಳೆಯಲ್ಲಿ ಮಗುವನ್ನು ನೋಡಿಕೊಳ್ಳುವವರು, ಪದವಿ ಮುಗಿಯುವವರೆಗೆ ತೆರವು ಮಾಡಬೇಕಾಗಿಲ್ಲದ ಭರವಸೆ. ಸರ್ಕಾರಿ ವ್ಯವಸ್ಥೆಯಲ್ಲಿ ವಿದ್ಯಾರ್ಥಿಗಳ ವಸತಿಯನ್ನು ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳೂ ಕುಟುಂಬಗಳ ವಸತಿಯನ್ನು ವಸತಿ ಇಲಾಖೆಯೂ ಮಕ್ಕಳ ಪಾಲನೆಯನ್ನು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯೂ ನೋಡಿಕೊಳ್ಳುತ್ತವೆ. ಒಂಟಿ ಪೋಷಕ ವಿದ್ಯಾರ್ಥಿಯು ಮೂರೂ ಇಲಾಖೆಗಳ ಫಲಾನುಭವಿಯಾಗಬಲ್ಲರು; ಆದರೆ ಮೂರನ್ನೂ ಒಂದೇ ಊರಿನಲ್ಲಿ, ಒಂದೇ ಅವಧಿಯಲ್ಲಿ ಪಡೆಯುವುದು ಕಷ್ಟ.

ವಿಶ್ವಸಂಸ್ಥೆಯ ಮಹಿಳಾ ಘಟಕವು 2019ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಭಾರತದ ಕುಟುಂಬಗಳಲ್ಲಿ ಶೇಕಡಾ 4.5ರಷ್ಟನ್ನು ಒಂಟಿ ತಾಯಂದಿರು ನಡೆಸುತ್ತಾರೆ. ಇಂಥ ಕುಟುಂಬಗಳ ಸಂಖ್ಯೆ ಸುಮಾರು 1.3 ಕೋಟಿ. ಇದಲ್ಲದೆ ಸುಮಾರು 3.2 ಕೋಟಿ ಒಂಟಿ ತಾಯಂದಿರು ತವರು ಅಥವಾ ಗಂಡನ ಮನೆಯ ಅವಿಭಕ್ತ ಕುಟುಂಬದಲ್ಲಿ ವಾಸಿಸುತ್ತಾರೆಂದು ಅಂದಾಜಿಸಲಾಗಿದೆ. ಈ ಎರಡನೆಯ ಗುಂಪು ಮೊದಲನೆಯದರ ಎರಡು ಪಟ್ಟಿಗೂ ಹೆಚ್ಚು. ಆದ್ದರಿಂದ ಭಾರತದಲ್ಲಿ ಈ ಸಮಸ್ಯೆ ‘ಮನೆ ಇಲ್ಲದಿರುವುದು’ ಎಂಬ ರೂಪಕ್ಕಿಂತ ಹೆಚ್ಚಾಗಿ ‘ಇನ್ನೊಬ್ಬರ ಮನೆಯಲ್ಲಿ ಇರುವುದು’ ಎಂಬ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಓದು ಮುಂದುವರಿಯುವುದು ಮನೆಯ ಹಿರಿಯರ ಒಪ್ಪಿಗೆಯನ್ನು ಅವಲಂಬಿಸಿರುತ್ತದೆ.

ಇತಿಹಾಸ

ಮಗುವಿನೊಂದಿಗೆ ಉನ್ನತ ಶಿಕ್ಷಣಕ್ಕೆ ಹೊರಟ ಒಂಟಿ ತಾಯಿಯ ಪ್ರಸಿದ್ಧ ಉದಾಹರಣೆಗಳಲ್ಲಿ ಪಂಡಿತಾ ರಮಾಬಾಯಿಯವರದು ಮೊದಲಿನದು. 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಜನಿಸಿದ ಅವರು 1882ರಲ್ಲಿ ಪತಿಯನ್ನು ಕಳೆದುಕೊಂಡರು. ಆಗ ಮಗಳು ಮನೋರಮೆಗೆ ಒಂದು ವರ್ಷವೂ ತುಂಬಿರಲಿಲ್ಲ. 1883ರಲ್ಲಿ ಮಗಳೊಂದಿಗೆ ಇಂಗ್ಲೆಂಡಿಗೆ ತೆರಳಿದ ರಮಾಬಾಯಿ ವಾಂಟೇಜ್ ಎಂಬಲ್ಲಿ ಕ್ರೈಸ್ತ ಸನ್ಯಾಸಿನಿಯರ ಆಶ್ರಯದಲ್ಲಿ ತಂಗಿದರು. ಬಳಿಕ ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತ ತಾವೂ ವ್ಯಾಸಂಗ ಮಾಡಿದರು. ಈ ಅವಧಿಯಲ್ಲಿ ಪುಟ್ಟ ಮನೋರಮೆ ವಾಂಟೇಜಿನ ಸನ್ಯಾಸಿನಿಯರ ಬಳಿ ಉಳಿದಳು. ತಾಯಿಗೆ ಕಾಲೇಜು ದೊರೆತರೂ ತಾಯಿ ಮಗಳು ಒಟ್ಟಿಗಿರುವ ಸ್ಥಳ ಅಲ್ಲಿ ದೊರೆಯಲಿಲ್ಲವೆಂಬುದು ಗಮನಾರ್ಹ.

ರಮಾಬಾಯಿಯವರು 1887ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ‘ದಿ ಹೈ-ಕಾಸ್ಟ್ ಹಿಂದೂ ವುಮನ್’ ಗ್ರಂಥದಲ್ಲಿ ವಿಧವೆಯರು ವಾಸಿಸುತ್ತಲೇ ಕಲಿಯಬಹುದಾದ ಗೃಹಗಳ ಅಗತ್ಯವನ್ನು ಮಂಡಿಸಿದರು. 1889ರ ಮಾರ್ಚ್ 11ರಂದು ಮುಂಬೈಯಲ್ಲಿ ಶಾರದಾ ಸದನವನ್ನು ಆರಂಭಿಸಿದರು. ಮರುವರ್ಷ ಅದು ಪುಣೆಗೆ ಸ್ಥಳಾಂತರಗೊಂಡಿತು. ಮನೋರಮಾ ಮುಂದೆ ತಾಯಿಯ ಸಂಸ್ಥೆಗಳಲ್ಲಿ ಕೈಜೋಡಿಸಿದರು; ಕಲಬುರಗಿಯಲ್ಲಿ ಶಾಲೆ ಸ್ಥಾಪಿಸುವ ಕಾರ್ಯದಲ್ಲೂ ಅವರ ಪಾತ್ರವಿತ್ತು. ಪುಣೆಯಲ್ಲಿ ಧೋಂಡೊ ಕೇಶವ ಕರ್ವೆಯವರು 1896ರಲ್ಲಿ ಸ್ಥಾಪಿಸಿದ ವಿಧವಾಶ್ರಮವು 1900ರಲ್ಲಿ ಸಮೀಪದ ಹಿಂಗಣೆಗೆ ಹೋಯಿತು.

ಧಾರವಾಡವು ಆಗ ಮುಂಬೈ ಪ್ರಾಂತಕ್ಕೆ ಸೇರಿತ್ತು. ಪುಣೆಯ ಸುಧಾರಣಾ ಚಟುವಟಿಕೆಗಳ ಪ್ರಭಾವ ಇಲ್ಲಿಯೂ ಬೀರಿತು. 1928ರಲ್ಲಿ ಭಾಗೀರಥಿಬಾಯಿ ಪುರಾಣಿಕ ಅವರು ಧಾರವಾಡದಲ್ಲಿ ಸ್ಥಾಪಿಸಿದ ವನಿತಾ ಸೇವಾ ಸಮಾಜವು ವಿಧವೆಯರಿಗೂ ನಿರಾಶ್ರಿತ ಮಹಿಳೆಯರಿಗೂ ಆಶ್ರಯ ಮತ್ತು ಶಿಕ್ಷಣವನ್ನು ಒಟ್ಟಿಗೆ ಒದಗಿಸುವ ಉದ್ದೇಶ ಹೊಂದಿತ್ತು. ಇದೇ ಪ್ರದೇಶದಲ್ಲಿ ಮಠಗಳು ನಡೆಸಿದ ಉಚಿತ ಪ್ರಸಾದ ನಿಲಯಗಳು, ಧಾರವಾಡದ ಮುರುಘಾಮಠದ ಪ್ರಸಾದ ನಿಲಯವೂ ಸೇರಿದಂತೆ, ಸಾವಿರಾರು ಬಡ ಗ್ರಾಮೀಣ ವಿದ್ಯಾರ್ಥಿಗಳನ್ನು ಪದವೀಧರರನ್ನಾಗಿ ಮಾಡಿದವು. ಅವು ಬಹುಪಾಲು ಗಂಡುಮಕ್ಕಳಿಗೆ ಮೀಸಲಾಗಿದ್ದವು. ವಿದ್ಯಾರ್ಥಿ ಎಂದರೆ ಸಂಸಾರವಿಲ್ಲದ ತರುಣ ಎಂಬ ಕಲ್ಪನೆ ಅಲ್ಲಿಂದ ಇಂದಿನ ಸರ್ಕಾರಿ ವಿದ್ಯಾರ್ಥಿನಿಲಯಗಳವರೆಗೂ ಮುಂದುವರಿದು ಬಂದಿದೆ.

ವಸತಿನಿಲಯಗಳು

ಕರ್ನಾಟಕದಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಉಚಿತ ಊಟ ಹಾಗೂ ವಸತಿ ನೀಡುತ್ತವೆ. ಇವುಗಳಲ್ಲಿ ಪ್ರವೇಶ ವಿದ್ಯಾರ್ಥಿಗೆ ಮಾತ್ರ. ಮಗುವನ್ನು ಇರಿಸಿಕೊಳ್ಳುವ ಏರ್ಪಾಡು ಇಲ್ಲ. ನಿಲಯದಲ್ಲಿ ಸ್ಥಳ ದೊರೆಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಡಿ ವರ್ಷದ 10 ತಿಂಗಳು ಊಟ ಮತ್ತು ವಸತಿಯ ನೆರವು ನೀಡಲಾಗುತ್ತದೆ. ಹಣವನ್ನು ನೇರವಾಗಿ ವಿದ್ಯಾರ್ಥಿಯ ಖಾತೆಗೆ ಹಾಕುವುದರಿಂದ ಅದನ್ನು ಮಗುವಿನೊಂದಿಗೆ ಇರುವ ಬಾಡಿಗೆ ಕೋಣೆಗೂ ಬಳಸಬಹುದು. ಆದರೆ ಮೊತ್ತವನ್ನು ಲೆಕ್ಕ ಹಾಕಿರುವುದು ಒಬ್ಬರಿಗೆ.

ಕೇಂದ್ರ ಸರ್ಕಾರದ ಉದ್ಯೋಗಸ್ಥ ಮಹಿಳೆಯರ ವಸತಿನಿಲಯ ಯೋಜನೆ 1972-73ರಲ್ಲಿ ಆರಂಭವಾಯಿತು. ಈಗ ಅದು ಮಿಷನ್ ಶಕ್ತಿಯ ಭಾಗವಾಗಿ ‘ಸಖಿ ನಿವಾಸ’ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಮಕ್ಕಳನ್ನು ಜೊತೆಗಿರಿಸಿಕೊಳ್ಳಲು ಅವಕಾಶವಿರುವ ಮುಖ್ಯ ಸರ್ಕಾರಿ ವ್ಯವಸ್ಥೆ ಇದೇ ಆಗಿದೆ. ಹೆಣ್ಣುಮಕ್ಕಳು 18 ವರ್ಷದವರೆಗೆ, ಗಂಡುಮಕ್ಕಳು 12 ವರ್ಷದವರೆಗೆ ತಾಯಿಯೊಂದಿಗೆ ಇರಬಹುದು. ನಿಲಯದಲ್ಲಿ ಶಿಶುಪಾಲನಾ ಕೇಂದ್ರವೂ ಇರಬೇಕೆಂದು ಯೋಜನೆ ಬಯಸುತ್ತದೆ. ಬಾಡಿಗೆಯು ನಿವಾಸಿಯ ಒಟ್ಟು ವೇತನದ ಶೇಕಡಾ 15ನ್ನು ಒಂಟಿ ಕೋಣೆಗೆ, ಶೇಕಡಾ 10ನ್ನು ಇಬ್ಬರ ಕೋಣೆಗೆ, ಶೇಕಡಾ 7.5ನ್ನು ಸಾಮೂಹಿಕ ಕೋಣೆಗೆ ಮೀರಬಾರದೆಂಬ ನಿಯಮ ಇದರ ಅತ್ಯುತ್ತಮ ಅಂಶ. ಭಾರತದಲ್ಲಿ ಬಾಡಿಗೆಯನ್ನು ವರಮಾನದ ಪಾಲಿನಂತೆ ಕಟ್ಟಿಹಾಕಿರುವ ಯೋಜನೆಗಳು ವಿರಳ.

ಕಾಲೇಜು ವಿದ್ಯಾರ್ಥಿನಿಗೆ ಮಾತ್ರ ಈ ಬಾಗಿಲು ಅರ್ಧ ತೆರೆದಿದೆ. ಉದ್ಯೋಗಸ್ಥ ಮಹಿಳೆಯರಿಗೆ ಕೊಟ್ಟು ಉಳಿದ ಸ್ಥಳದಲ್ಲಿ, ಒಟ್ಟು ಸಾಮರ್ಥ್ಯದ ಶೇಕಡಾ 30ನ್ನು ಮೀರದಂತೆ, ಉದ್ಯೋಗ ತರಬೇತಿಯಲ್ಲಿರುವವರನ್ನು ಸೇರಿಸಿಕೊಳ್ಳಬಹುದು. ಯೋಜನೆಯ ಮಾರ್ಗಸೂಚಿಗಳು ಅಂಥ ತರಬೇತಿಯ ಅವಧಿಗೆ ಒಂದು ವರ್ಷದ ಮಿತಿ ಹಾಕಿದ್ದವು. ಮೂರು ವರ್ಷಗಳ ಪದವಿ ಇದರೊಳಗೆ ಬರುವುದಿಲ್ಲ. ಹಗಲು ಅಂಗಡಿ ಅಥವಾ ಆಸ್ಪತ್ರೆಯಲ್ಲಿ ದುಡಿದು ಸಂಜೆ ಕಾಲೇಜಿಗೆ ಹೋಗುವ ಇಲ್ಲವೇ ಮುಕ್ತ ವಿಶ್ವವಿದ್ಯಾಲಯದಲ್ಲಿ ಓದುವ ತಾಯಿ ಉದ್ಯೋಗಸ್ಥೆ ಎಂಬ ನೆಲೆಯಲ್ಲಿ ಅರ್ಹಳಾಗುತ್ತಾಳೆ. ಪೂರ್ಣಾವಧಿ ವಿದ್ಯಾರ್ಥಿನಿ ಆಗುವುದಿಲ್ಲ. ಸಂಕಷ್ಟದಲ್ಲಿರುವ ಮಹಿಳೆಯರಿಗಾಗಿ ಇರುವ ಶಕ್ತಿ ಸದನಗಳಲ್ಲಿ, ಹಿಂದಿನ ಸ್ವಾಧಾರ ಗೃಹಗಳಲ್ಲಿ, ಮಕ್ಕಳಿಗೆ ಪ್ರವೇಶವಿದ್ದರೂ ಅವು ಪುನರ್ವಸತಿಗಾಗಿ ಇರುವ ತಾತ್ಕಾಲಿಕ ಆಶ್ರಯಗಳು.

ವಿಶ್ವವಿದ್ಯಾಲಯ ಅನುದಾನ ಆಯೋಗವು ಸಂಶೋಧನಾ ವಿದ್ಯಾರ್ಥಿನಿಯರಿಗೆ 240 ದಿನಗಳ ಮಾತೃತ್ವ ಹಾಗೂ ಶಿಶುಪಾಲನಾ ರಜೆಗೆ 2016ರ ನಿಯಮಗಳಲ್ಲಿ ಅವಕಾಶ ಕಲ್ಪಿಸಿತು; ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೂ ಇಂಥ ನಿಯಮ ರೂಪಿಸುವಂತೆ 2021ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳಿಗೆ ಸೂಚಿಸಿತು. ಇವು ಹಾಜರಾತಿಯ ಕುರಿತ ಸವಲತ್ತುಗಳು. ರಜೆ ಮುಗಿದ ಮೇಲೆ ಕೂಸಿನೊಂದಿಗೆ ಎಲ್ಲಿ ಇರಬೇಕೆಂಬುದನ್ನು ಅವು ಸ್ಪರ್ಶಿಸುವುದಿಲ್ಲ.

ಗ್ರಾಮೀಣ ವಸತಿ ಯೋಜನೆಗಳು

ರಾಜ್ಯದಲ್ಲಿ ವಸತಿ ಯೋಜನೆಗಳನ್ನು 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವು ನಿರ್ವಹಿಸುತ್ತದೆ. ಬಸವ ವಸತಿ ಯೋಜನೆ, ಡಾ. ಬಿ. ಆರ್. ಅಂಬೇಡ್ಕರ್ ನಿವಾಸ ಯೋಜನೆ ಮತ್ತು ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗ ಇವುಗಳಲ್ಲಿ ಮುಖ್ಯವಾದವು. ವಿಧವೆಯರು, ಮಾಜಿ ದೇವದಾಸಿಯರು ಮುಂತಾದ ವಿಶೇಷ ವರ್ಗಗಳಿಗೆ ದೇವರಾಜ ಅರಸು ವಸತಿ ಯೋಜನೆ ಇದೆ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಗೆ 1.20 ಲಕ್ಷ ರೂಪಾಯಿ ನೆರವು ನಿಗದಿಯಾಗಿತ್ತು. ಅಡುಗೆಯ ಜಾಗವೂ ಸೇರಿ ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ಉದ್ಯೋಗ ಖಾತರಿ ಯೋಜನೆಯಿಂದ ಕೂಲಿಯ ಪಾಲು ಪ್ರತ್ಯೇಕವಾಗಿ ದೊರೆಯುತ್ತಿತ್ತು.

ಅನುದಾನ ತಳಪಾಯ, ಗೋಡೆ, ಛಾವಣಿ, ಪೂರ್ಣ ಎಂಬ ಹಂತಗಳಲ್ಲಿ, ಪ್ರತಿ ಹಂತದ ಛಾಯಾಚಿತ್ರವನ್ನು ಸ್ಥಳದಿಂದಲೇ ದಾಖಲಿಸಿದ ಬಳಿಕ ಬಿಡುಗಡೆಯಾಗುತ್ತದೆ. ಮುಂದಿನ ಕಂತು ಬರುವವರೆಗೆ ಕೆಲಸ ನಡೆಸಲು ಕೈಯಲ್ಲಿ ಹಣ ಬೇಕು. ಗೌಂಡಿ, ಸಿಮೆಂಟು, ಮರಳು ಎಂದು ಓಡಾಡಲು ಒಬ್ಬರು ಬಿಡುವಾಗಿರಬೇಕು. ಒಂಟಿ ಪೋಷಕ ವಿದ್ಯಾರ್ಥಿಗೆ ಈ ಎರಡೂ ಕೊರತೆ. ಫಲಾನುಭವಿಗಳ ಆಯ್ಕೆ ಗ್ರಾಮಸಭೆಯಲ್ಲಿ ನಡೆಯುವುದರಿಂದ ಓದಿಗಾಗಿ ಊರು ಬಿಟ್ಟವರ ಹೆಸರು ಪಟ್ಟಿಯಿಂದ ಜಾರುವ ಸಾಧ್ಯತೆಯೂ ಇದೆ. ಗಂಡನ ಮನೆಯವರ ಪಡಿತರ ಚೀಟಿಯಲ್ಲೇ ಹೆಸರಿರುವ ವಿಧವೆ ಪ್ರತ್ಯೇಕ ಕುಟುಂಬವೆಂದು ಎಣಿಕೆಯಾಗುವುದಿಲ್ಲ. 2023ರ ಆಗಸ್ಟ್ 30ರಂದು ಚಾಲನೆಗೊಂಡ ಗೃಹಲಕ್ಷ್ಮಿ ಯೋಜನೆಯ ಮಾಸಿಕ 2,000 ರೂಪಾಯಿ ಕೂಡ ಚೀಟಿಯಲ್ಲಿ ಯಜಮಾನಿ ಎಂದು ನಮೂದಾದವರಿಗೆ, ಅಂದರೆ ಸಾಮಾನ್ಯವಾಗಿ ಅತ್ತೆಗೆ, ಸಲ್ಲುತ್ತದೆ. ಆದ್ದರಿಂದ ಮನೆಗೆ ಅರ್ಜಿ ಹಾಕುವ ಮೊದಲು ಪಡಿತರ ಚೀಟಿ ಬೇರೆ ಮಾಡಿಸಿಕೊಳ್ಳುವುದು ಅನೇಕರಿಗೆ ಅನಿವಾರ್ಯವಾಗುತ್ತದೆ. ಅದು ಕಚೇರಿಯ ಕೆಲಸವಷ್ಟೇ ಅಲ್ಲ, ಮನೆಯೊಳಗಿನ ಸಂಬಂಧದ ಪ್ರಶ್ನೆಯೂ ಹೌದು.

ಯಮನೂರು ಮತ್ತು ಸುತ್ತಲಿನ ತಾಲ್ಲೂಕುಗಳು

ಯಮನೂರು ನವಲಗುಂದ ತಾಲ್ಲೂಕಿನ ಬೆಣ್ಣಿಹಳ್ಳದ ದಂಡೆಯಲ್ಲಿರುವ ಗ್ರಾಮ. ಹಿಂದೂಗಳು ಚಾಂಗದೇವನೆಂದೂ ಮುಸ್ಲಿಮರು ರಾಜಾಬಾಗಸವಾರನೆಂದೂ ನಡೆದುಕೊಳ್ಳುವ ಇಲ್ಲಿನ ಗದ್ದುಗೆ ಪ್ರಸಿದ್ಧವಾಗಿದ್ದು, ಹೋಳಿಯ ನಂತರ ನಡೆಯುವ ಜಾತ್ರೆಗೆ ದೂರದೂರುಗಳಿಂದ ಜನ ಬರುತ್ತಾರೆ. 2016ರ ಜುಲೈನಲ್ಲಿ ಮಹದಾಯಿ ನೀರಿಗಾಗಿ ನಡೆದ ಹೋರಾಟದ ವೇಳೆ ಪೊಲೀಸರ ಕ್ರಮದಿಂದಾಗಿ ಊರಿನ ಹೆಸರು ರಾಜ್ಯದಾದ್ಯಂತ ಕೇಳಿಬಂದಿತು. ಬದುಕು ಮಳೆ ಮತ್ತು ಮಲಪ್ರಭೆಯ ಕಾಲುವೆಯನ್ನು ನಂಬಿದ ಕಪ್ಪುಮಣ್ಣಿನ ಬೇಸಾಯ.

ಇಂಥ ಊರಿನ ಒಂಟಿ ತಾಯಿಗೆ ಪದವಿ ಶಿಕ್ಷಣಕ್ಕೆ ಹತ್ತಿರದ ಕೇಂದ್ರ ನವಲಗುಂದ ಪಟ್ಟಣ. ಸ್ನಾತಕೋತ್ತರ, ವೃತ್ತಿಪರ ಅಥವಾ ಶಿಕ್ಷಕರ ತರಬೇತಿ ಬೇಕೆಂದರೆ ಹುಬ್ಬಳ್ಳಿ ಇಲ್ಲವೇ ಧಾರವಾಡವೇ ಗತಿ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯವೂ 1986ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾಲಯವೂ ಇವೆ. ಅಣ್ಣಿಗೇರಿ ಮತ್ತು ಕುಂದಗೋಳಗಳಿಗೆ ಹುಬ್ಬಳ್ಳಿಯಿಂದ ರೈಲು ಸಂಪರ್ಕವಿದೆ. ನವಲಗುಂದ ಮತ್ತು ಕಲಘಟಗಿ ಬಸ್ಸನ್ನೇ ನಂಬಿವೆ. ಧಾರವಾಡದ ಸಪ್ತಾಪುರದಂಥ ಬಡಾವಣೆಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗಾಗಿ ಕೋಣೆಗಳು ಹೇರಳವಾಗಿದ್ದರೂ ಅವು ಹಾಸಿಗೆಗೆ ಇಷ್ಟೆಂದು ಬಾಡಿಗೆ ಪಡೆಯುವಂಥವು. ಮಗುವಿರುವವರಿಗೆ ಪೂರ್ಣ ಮನೆಯನ್ನೇ ಹಿಡಿಯಬೇಕಾಗುತ್ತದೆ, ಮುಂಗಡವನ್ನೂ ಕೂಡಿಸಬೇಕಾಗುತ್ತದೆ. ‘ಮನೆಯವರು ಎಲ್ಲಿದ್ದಾರೆ’ ಎಂಬ ಪ್ರಶ್ನೆಯನ್ನು ದಾಟಿದ ಮೇಲಷ್ಟೇ ಬಾಡಿಗೆಯ ಮಾತು.

ಈ ಕಾರಣದಿಂದ ಗ್ರಾಮೀಣ ತಾಲ್ಲೂಕುಗಳಲ್ಲಿ ಅಗ್ಗದ ವಸತಿಯೆಂದರೆ ಊರಲ್ಲೇ ಉಳಿದು ದಿನವೂ ಪ್ರಯಾಣಿಸುವುದು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯು ರಾಜ್ಯದೊಳಗಿನ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣವನ್ನು ಉಚಿತಗೊಳಿಸಿತು. ವಸತಿ ಯೋಜನೆ ಎಂದು ಅದನ್ನು ಯಾರೂ ಕರೆಯುವುದಿಲ್ಲ. ಆದರೆ ಬಸ್ ವೆಚ್ಚ ಇಲ್ಲವಾದಾಗ ಪಟ್ಟಣದ ಬಾಡಿಗೆಯನ್ನು ತಪ್ಪಿಸಿಕೊಳ್ಳುವ ದಾರಿ ತೆರೆಯುತ್ತದೆ. ಹುಬ್ಬಳ್ಳಿ ಮತ್ತು ಧಾರವಾಡಗಳ ನಡುವಿನ ‘ಚಿಗರಿ’ ಬಸ್ಸುಗಳು ಹವಾನಿಯಂತ್ರಿತವಾದ್ದರಿಂದ ಅವುಗಳಿಗೆ ಈ ಸವಲತ್ತು ಅನ್ವಯಿಸದು. ನವಲಗುಂದದ ಕಡೆಯಿಂದ ಧಾರವಾಡದ ವಿಶ್ವವಿದ್ಯಾಲಯಕ್ಕೆ ಹೋಗುವವರು ಹುಬ್ಬಳ್ಳಿಯಲ್ಲಿ ಇಳಿದು ಸಾಮಾನ್ಯ ಬಸ್ಸಿಗೆ ಕಾಯಬೇಕಾಗುತ್ತದೆ.

ಉಳಿಯುವ ಪ್ರಶ್ನೆ ಮಗುವಿನದು. 3ರಿಂದ 6 ವರ್ಷದ ಮಕ್ಕಳಿಗೆ ಅಂಗನವಾಡಿ ಇದೆ. ಬೆಳಗಿನ ಮೊದಲ ತರಗತಿಗೆ ಹೊರಡುವ ತಾಯಿಯ ಬಸ್ಸು ಅಂಗನವಾಡಿಯ ಬಾಗಿಲು ತೆರೆಯುವ ಮೊದಲೇ ಹೋಗಿರುತ್ತದೆ. 3 ವರ್ಷಕ್ಕಿಂತ ಚಿಕ್ಕ ಕೂಸುಗಳಿಗಾಗಿ ರಾಜ್ಯ ಸರ್ಕಾರವು 2023-24ರ ಆಯವ್ಯಯದಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರಗಳನ್ನು ಘೋಷಿಸಿತು. ಇವು ಮುಖ್ಯವಾಗಿ ಉದ್ಯೋಗ ಖಾತರಿ ಕಾರ್ಮಿಕರ ಮಕ್ಕಳನ್ನು ಉದ್ದೇಶಿಸಿದವು. 6ನೇ ತರಗತಿಯಿಂದ ಮೊರಾರ್ಜಿ ದೇಸಾಯಿ ಮತ್ತು ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು ಲಭ್ಯ. ತಾಯಿ ಒಂದು ನಿಲಯದಲ್ಲಿ, ಮಗು ಇನ್ನೊಂದು ನಿಲಯದಲ್ಲಿ ಇದ್ದು ಇಬ್ಬರೂ ಓದುವುದು ಆಗ ಸಾಧ್ಯವಾಗುತ್ತದೆ. ಅದಕ್ಕೆ ಮೊದಲಿನ ವರ್ಷಗಳಲ್ಲಿ ಅಜ್ಜಿಯೇ ಆಸರೆ. ಅಜ್ಜಿ ಕಳೆ ತೆಗೆಯುವ ಹಂಗಾಮಿನಲ್ಲಿ ಕೂಲಿಗೆ ಹೋದರೆ ಮಗುವನ್ನು ನೋಡಿಕೊಳ್ಳುವವರಿಲ್ಲದೆ ತಾಯಿಯ ಹಾಜರಾತಿ ಕುಸಿಯುತ್ತದೆ.

ಕಟ್ಟಡ ಮತ್ತು ಪರಿಸರ

ಬಾಳಿಕೆಯ ಪ್ರಶ್ನೆ ನವಲಗುಂದ ಸೀಮೆಯಲ್ಲಿ ನೆಲದಿಂದಲೇ ಆರಂಭವಾಗುತ್ತದೆ. ಇಲ್ಲಿನ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಆಳವಿಲ್ಲದ ತಳಪಾಯದ ಮೇಲಿನ ಗೋಡೆ ಕೆಲವೇ ವರ್ಷಗಳಲ್ಲಿ ಸೀಳುತ್ತದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಇಂಥ ಮಣ್ಣಿಗಾಗಿ ಬುಡದಲ್ಲಿ ಅಗಲವಾಗುವ ಕಂಬದ ತಳಪಾಯವನ್ನು ಅಭಿವೃದ್ಧಿಪಡಿಸಿದೆ. ಅನುದಾನದ ಮೊತ್ತ ಕೆಂಪುಮಣ್ಣಿನ ಊರಿಗೂ ಎರೆಯ ಊರಿಗೂ ಒಂದೇ ಆಗಿರುವುದರಿಂದ ಎರೆಯ ಊರಿನವರು ತಳಪಾಯಕ್ಕೇ ಹೆಚ್ಚು ಸುರಿಯಬೇಕಾಗುತ್ತದೆ.

ಈ ಭಾಗದ ಹಳೆಯ ಮನೆಗಳು ದಪ್ಪ ಮಣ್ಣಿನ ಗೋಡೆ ಮತ್ತು ಸಮತಟ್ಟಾದ ಮಣ್ಣಿನ ಮಾಳಿಗೆಯವು. ಬೆಳಕಿಂಡಿಯಿಂದ ಬೆಳಕು ಬರುತ್ತದೆ. ಬೇಸಿಗೆಯಲ್ಲಿ ತಂಪಾಗಿದ್ದರೂ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಸವಳು ಮಣ್ಣು ಹಾಕಬೇಕು. ಗಂಡಾಳಿಲ್ಲದ ಮನೆಗಳಲ್ಲಿ ಈ ಕೆಲಸ ಹಿಂದೆ ಬೀಳುತ್ತದೆ. 2019ರ ಆಗಸ್ಟ್‌ನ ನೆರೆಯಲ್ಲಿ ಬೆಣ್ಣಿಹಳ್ಳ ಮತ್ತು ತುಪ್ಪರಿಹಳ್ಳಗಳು ಉಕ್ಕಿ ತಾಲ್ಲೂಕಿನಲ್ಲಿ ಬಹಳಷ್ಟು ಮನೆಗಳು ಕುಸಿದವು. ಪೂರ್ಣ ಕುಸಿದ ಮನೆಗೆ ರಾಜ್ಯ ಸರ್ಕಾರವು 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಸಾಮಾನ್ಯ ವಸತಿ ಯೋಜನೆಯ ನೆರವಿನ ನಾಲ್ಕು ಪಟ್ಟಿನಷ್ಟಿದ್ದ ಈ ಮೊತ್ತವು ಪಕ್ಕಾ ಮನೆಯ ನಿಜವಾದ ವೆಚ್ಚವೆಷ್ಟೆಂಬುದನ್ನು ಪರೋಕ್ಷವಾಗಿ ಒಪ್ಪಿಕೊಂಡಂತಿತ್ತು.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಅಲ್ಪ ಪ್ರಮಾಣದ ಸಿಮೆಂಟು ಬೆರೆಸಿ ಒತ್ತಿದ, ಸುಡದ ಮಣ್ಣಿನ ಇಟ್ಟಿಗೆಗಳನ್ನು ಬಳಕೆಗೆ ತಂದಿತು. ಎರೆಮಣ್ಣಿನಲ್ಲಿ ಜೇಡಿಯ ಪಾಲು ಅಧಿಕವಾದ್ದರಿಂದ ಅದು ನೇರವಾಗಿ ಒಗ್ಗುವುದಿಲ್ಲ. ಮರಳು ಅಥವಾ ಸುಣ್ಣ ಸೇರಿಸಬೇಕು, ಇಲ್ಲವೇ ಬೇರೆಡೆಯಿಂದ ಕೆಂಪುಮಣ್ಣು ತರಬೇಕು. ಕಲಘಟಗಿಯ ಕಡೆ ಈ ವಿಧಾನ ಹೆಚ್ಚು ಅನುಕೂಲಕರ. ನವಲಗುಂದ ಭಾಗದ ಅಂತರ್ಜಲ ಸವಳಾಗಿದ್ದು ಕುಡಿಯುವ ನೀರಿಗೆ ಕೆರೆಯೇ ಆಧಾರ. ಮಾಳಿಗೆಯ ಮಳೆನೀರನ್ನು ಸಂಗ್ರಹಿಸುವ ತೊಟ್ಟಿಯು ನೀರು ಹೊರುವ ಹೊತ್ತನ್ನು ಉಳಿಸುತ್ತದೆ. ಕಾಲೇಜಿಗೆ ಹೋಗುವ ತಾಯಿಗೆ ಅದು ಓದಿನ ಹೊತ್ತು.

ಒಂಟಿ ತಂದೆಯರು

ಸಖಿ ನಿವಾಸ, ಶಕ್ತಿ ಸದನ, ವಿಧವಾ ವೇತನ, ಉಚಿತ ಬಸ್ ಪ್ರಯಾಣಗಳಲ್ಲಿ ಯಾವುದೂ ಒಂಟಿ ತಂದೆಗೆ ಅನ್ವಯಿಸುವುದಿಲ್ಲ. ಓದುತ್ತಿರುವ ವಿಧುರನಿಗೆ ರಿಯಾಯಿತಿ ದರದ ವಿದ್ಯಾರ್ಥಿ ಪಾಸು ಮತ್ತು ಸಾಮಾನ್ಯ ವಸತಿ ಯೋಜನೆಗಳಷ್ಟೇ ಉಳಿಯುತ್ತವೆ. ಮರುಮದುವೆಯೇ ಪರಿಹಾರವೆಂಬ ಭಾವನೆ ಗಂಡಸರ ವಿಷಯದಲ್ಲಿ ಪ್ರಬಲವಾಗಿರುವುದರಿಂದ ಇವರ ಕುರಿತ ಚರ್ಚೆ ಕಡಿಮೆ.

ಇತರ ದೇಶಗಳಲ್ಲಿ

ಅಮೆರಿಕದ ಡೆನ್ವರ್ ನಗರದಲ್ಲಿ 1974ರಲ್ಲಿ ಆರಂಭವಾದ ವಾರೆನ್ ವಿಲೇಜ್ ಒಂಟಿ ಪೋಷಕರಿಗೆ ಮನೆ ಮತ್ತು ಶಿಶುವಿಹಾರವನ್ನು ಒಂದೇ ಕಟ್ಟಡದಲ್ಲಿ ಒದಗಿಸಿತು. ಪೆನ್ಸಿಲ್ವೇನಿಯಾದ ವಿಲ್ಸನ್ ಕಾಲೇಜು 1996ರಲ್ಲಿ ತಾಯಂದಿರು ಮಕ್ಕಳೊಂದಿಗೆ ಆವರಣದಲ್ಲೇ ಇರುವ ಯೋಜನೆಯನ್ನು ಪ್ರಾರಂಭಿಸಿತು. ಕೆಂಟಕಿ ರಾಜ್ಯದ ‘ಸ್ಕಾಲರ್ ಹೌಸ್’ಗಳಲ್ಲಿ ಕಾಲೇಜಿಗೆ ದಾಖಲಾಗಿರುವುದೇ ಮನೆ ಪಡೆಯುವ ಷರತ್ತು, ಬಾಡಿಗೆಯ ದೊಡ್ಡ ಭಾಗವನ್ನು ಸರ್ಕಾರಿ ನೆರವು ಭರಿಸುತ್ತದೆ. ಅಲ್ಲಿಯೂ ವಿದ್ಯಾರ್ಥಿ ಮತ್ತು ಕುಟುಂಬ ಎಂಬ ಎರಡು ವರ್ಗಗಳ ತೊಡಕು ಇತ್ತು. 1986ರ ತೆರಿಗೆ ಕಾನೂನಿನಡಿ ಕಟ್ಟುವ ಅಗ್ಗದ ಮನೆಗಳಿಗೆ ಪೂರ್ಣಾವಧಿ ವಿದ್ಯಾರ್ಥಿಗಳಷ್ಟೇ ಇರುವ ಕುಟುಂಬಗಳು ಸಾಮಾನ್ಯವಾಗಿ ಅರ್ಹವಲ್ಲ. ಒಂಟಿ ಪೋಷಕರಿಗೆ ಇದರಿಂದ ವಿನಾಯಿತಿ ಕೊಡಲಾಗಿದೆ. ಬ್ರಿಟನ್ನಿನಲ್ಲಿ ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ದೊರೆಯದ ಸಾಮಾಜಿಕ ಭದ್ರತಾ ಭತ್ಯೆ, ಬಾಡಿಗೆಯ ಪಾಲೂ ಸೇರಿ, ಮಗುವಿರುವ ವಿದ್ಯಾರ್ಥಿಗೆ ಲಭ್ಯ.

ಜಪಾನಿನಲ್ಲಿ 1947ರ ಮಕ್ಕಳ ಕಲ್ಯಾಣ ಕಾಯ್ದೆಯಡಿ ತಾಯಿ ಮತ್ತು ಮಕ್ಕಳು ಒಟ್ಟಿಗೆ ವಾಸಿಸುವ ಗೃಹಗಳಿವೆ. ಯುದ್ಧಾನಂತರ ವಿಧವೆಯರಿಗಾಗಿ ಬೆಳೆದ ಈ ಗೃಹಗಳಲ್ಲಿ ಮಗು 18 ವರ್ಷ ತುಂಬುವವರೆಗೆ ತಾಯಿಯೊಂದಿಗೆ ಇರಬಹುದು. ಪ್ರತಿ ಕುಟುಂಬಕ್ಕೂ ಪ್ರತ್ಯೇಕ ಕೋಣೆ ಇರುತ್ತದೆ.